ಲಕ್ಕಿ ಗಿಡ ನೆಡೋಕೆ ಹುಬ್ಬೆ ಮಳೆವರೆಗೂ ಕಾಯಿರಿ

ಪಾವಗಡ, ಶಿರಾ ಕಡೆಯ ಗೋಮಾಳಗಳಲ್ಲಿ, ಕುರುಚಲು ಗುಡ್ಡಗಳಲ್ಲಿ ಗಿಡ ನೆಡಿಸುವುದು ನನ್ನ ಕೆಲಸ. ನರ್ಸರಿಯನ್ನೂ ನಾವೇ ನೋಡಿಕೊಳ್ಳುತ್ತೇವೆ. ಮೇ ತಿಂಗಳು ಬಂತೆಂದರೆ ಫೋನ್ ಶುರು, ಜೂನ್ 5ಕ್ಕೆ ಪರಿಸರ ದಿನ ಮಾಡ್ತೀವಿ, ಲಕ್ಕಿ (ನಿರ್ಗುಂಡಿ) ಗಿಡ ಕೊಡಿ ಅಂತ. ಆಗ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮದು ಮಲೆನಾಡಲ್ಲ ಅಲ್ವಾ. ಜೂನ್ ಹೊತ್ತಿನ ಮೃಗಶಿರ, ಆರಿದ್ರ ಇಲ್ಲಿ ಒಂದೆರಡು ಹದ ಮಳೆ ಕೊಟ್ಟು ಹೋಗುತ್ತವೆ, ಆಮೇಲೆ ಆಷಾಢ ಪೂರ್ತಿ ಬರೀ ಗಾಳಿ. ಆಗತಾನೇ ನೆಟ್ಟ ಗಿಡದ ಬೇರು ಇನ್ನೂ ಪಾಕೆಟ್ಟಿನ ಮಣ್ಣುಂಡೆ ಬಿಟ್ಟು ಆಚೆ ಹೋಗಿರುವುದಿಲ್ಲ, ಮೇಲೆ ಎಲೆ ಮಾತ್ರ ದಿನವಿಡೀ ಗಾಳಿಗೆ ಬಾಡುತ್ತಿರುತ್ತದೆ. ಬಯಲುಸೀಮೆಗೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಖೆ ಮಳೆ ಕೊನೆಗೋ ಹುಬ್ಬೆ ಶುರುವಿಗೋ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ ನೆಟ್ಟರೆ ಉತ್ತರೆ, ಹಸ್ತ, ಚಿತ್ತೆ ಒಂದರ ಹಿಂದೊಂದು ಸಿಗುತ್ತವೆ, ಚಳಿಗಾಲ ಬರುವಷ್ಟರಲ್ಲಿ ಬೇರು ಆಳಕ್ಕಿಳಿದಿರುತ್ತದೆ.

ಲಕ್ಕಿಯನ್ನು ಕಡ್ಡಿಯಿಂದಲೇ ಮಾಡಬಹುದು. ಬೆರಳು ದಪ್ಪ, ಒಂದು ಗೇಣುದ್ದ, ಎರಡು ಗಿಣ್ಣು ಮಣ್ಣೊಳಗೆ. ಕಷ್ಟ ಇರುವುದು ನೆಡುವುದಕ್ಕೆ ಮುಂಚಿನ ಕೊನೆಯ ತಿಂಗಳಲ್ಲಿ. ನೆರಳು ಬಲೆಯಿಂದ ಹೊರಗೆ ತಂದು, ನೀರನ್ನು ದಿನ ಬಿಟ್ಟು ದಿನ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಅಂತ ಕಡಿಮೆ ಮಾಡುತ್ತಾ ಬರಬೇಕು. ಗಿಡ ಸೊರಗಿದಂತೆ ಕಾಣುತ್ತದೆ, ಎಲೆ ಚಿಕ್ಕದಾಗುತ್ತದೆ. ಹೊಸ ಹುಡುಗರು ಪಾಪ ಅಂತ ಸಂಜೆ ಪೈಪ್ ಹಿಡಿದುಬಿಡುತ್ತಾರೆ! ಗಿಡ ಒಯ್ಯಲು ಬಂದವರೂ ಉದ್ದ, ಹಚ್ಚಹಸಿರಿನದನ್ನೇ ಆರಿಸುತ್ತಾರೆ. ನಾನು ಗಿಡ್ಡ, ಕಾಂಡ ಕಂದು ತಿರುಗಿರುವುದನ್ನೇ ಕೈಗೆ ಕೊಡುತ್ತೇನೆ. ಗುಡ್ಡದ ಮೇಲೆ ನಿಲ್ಲುವುದು ಅದು.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದರೆ ಈ ಗಿಡ ಅಷ್ಟು ಉಪಕಾರಿ. ಎಲೆಯ ಘಾಟಿಗೆ ಮೇಕೆಗಳು ಬಾಯಿ ಹಾಕುವುದು ಕಡಿಮೆ, ಬದುವಿನ ಮೇಲೆ ಬೇಲಿಯಾಗಿ ನಿಲ್ಲುತ್ತದೆ, ನೀಲಿ ಹೂವಿಗೆ ಜೇನು ಮುತ್ತುತ್ತದೆ. ಸಂಜೆ ಸೊಳ್ಳೆಗೆ ಲಕ್ಕಿ ಸೊಪ್ಪಿನ ಹೊಗೆ ಹಾಕುವ ಮನೆಗಳು ಈಗಲೂ ಇವೆ. ಅದರ ಕಡ್ಡಿಯಲ್ಲಿ ಮಂಕರಿ ಹೆಣೆಯುವ ಅಜ್ಜಂದಿರು ಮಾತ್ರ ಅಪರೂಪವಾಗಿದ್ದಾರೆ, ಅದು ನನಗೆ ನಿಜಕ್ಕೂ ಬೇಸರ.

ಬೇಸಿಗೆಯಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಕೀಳಬೇಡಿ. ಉಗುರಿನಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಗೆ ಚಿಗುರುತ್ತದೆ. ತುದಿ ಒಣಗಿದ್ದರೂ ಎಷ್ಟೋ ಸಲ ಬುಡದಿಂದ ಮೊಳೆಯುತ್ತದೆ. ಎಷ್ಟು ಗಿಡ ಉಳಿದಿವೆ ಅಂತ ಎಣಿಸಲು ಬರುವವರೂ ಅಷ್ಟೇ, ಮಾರ್ಚ್‌ನಲ್ಲಿ ಬಂದು ಒಣ ಕಡ್ಡಿ ನೋಡಿ ಬರೆದುಕೊಂಡು ಹೋಗುವ ಬದಲು ಜೂನ್‌ನಲ್ಲಿ ಬನ್ನಿ.