ತೊಡೆಸಂದಿನ ನೋವು ಹೋಯ್ತು, ಆಡಬಹುದಾ?

ಆಟಗಾರರಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಕಬಡ್ಡಿ, ಫುಟ್‌ಬಾಲ್ ಹುಡುಗರೇ ಜಾಸ್ತಿ. ಅವರ ಬಾಯಲ್ಲಿ ಪದೇ ಪದೇ ಬರುವ ಮಾತು ಒಂದೇ: "ಮೇಡಂ, ಎರಡು ವಾರ ರೆಸ್ಟ್ ಮಾಡಿದೆ, ಈಗ ನೋವಿಲ್ಲ. ಭಾನುವಾರ ಮ್ಯಾಚ್ ಇದೆ, ಆಡ್ಲಾ?"

ನೋವಿಲ್ಲ, ಸರಿ. ಬಲ ಬಂದಿದೆಯಾ?

ತೊಡೆಯ ಒಳಮಗ್ಗುಲಲ್ಲಿ ಕಾಲನ್ನು ದೇಹದ ನಡುವಿಗೆ ಎಳೆಯುವ ಅಡಕ್ಟರ್ ಸ್ನಾಯುಗಳಿವೆ. ಸುಮ್ನೆ ನಡೆದಾಡುವಾಗ ಅವಕ್ಕೆ ಅಷ್ಟೇನೂ ಹೊರೆ ಬೀಳಲ್ಲ. ಅದಕ್ಕೇ ಮನೆಯಲ್ಲಿ ಎಲ್ಲ ವಾಸಿಯಾದ ಹಾಗೆ ಅನಿಸುತ್ತದೆ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ನೋಡಿ. ಸ್ನಾಯು ಪೂರ್ತಿ ಹಿಗ್ಗಿರುವಾಗಲೇ ಜೋರು ಹಾಕಬೇಕು. ಈ ಸ್ನಾಯುಗಳಲ್ಲೊಂದಾದ ಅಡಕ್ಟರ್ ಲಾಂಗಸ್‌ಗೆ ಪೆಟ್ಟಾಗುವುದು ಹೆಚ್ಚಾಗಿ ಇಂಥ ಹೊತ್ತಲ್ಲೇ.

ಬಲ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಹುಡುಗನನ್ನು ಮಂಡಿ ಮಡಚಿ ಅಂಗಾತ ಮಲಗಿಸುತ್ತೇನೆ. ಬಿಪಿ ನೋಡುವ ಪಟ್ಟಿಗೆ ಸ್ವಲ್ಪ ಗಾಳಿ ತುಂಬಿ ಮಂಡಿಗಳ ನಡುವೆ ಇಟ್ಟು, "ಒತ್ತಪ್ಪಾ" ಅಂತೀನಿ. ಮುಳ್ಳು ಎಲ್ಲಿಗೆ ಏರಿತು, ಮುಖ ಕಿವುಚಿದನಾ, ಎರಡನ್ನೂ ಬರೆದುಕೊಳ್ಳುತ್ತೇನೆ. ಮುಂದಿನ ವಾರ ಅದೇ ಮುಳ್ಳನ್ನು ಅವನಿಗೇ ತೋರಿಸಿದರೆ ವಾದ ಅರ್ಧಕ್ಕೆ ನಿಲ್ಲುತ್ತದೆ. ಕೋಚ್ ಜೊತೆಗಿನ ವಾದವೂ!

ಹೊರಕ್ಕೆ ಎಳೆಯುವ ಸ್ನಾಯುಗಳ ಬಲವನ್ನೂ ನೋಡಬೇಕು. ಮಂಜುಗಡ್ಡೆ ಮೇಲೆ ಆಡುವ ಹಾಕಿಯ ಆಟಗಾರರ ಬಗ್ಗೆ 2001ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಒಳಕ್ಕೆ ಎಳೆಯುವ ಬಲ ಹೊರಕ್ಕೆ ಎಳೆಯುವ ಬಲದ 80%ಗಿಂತ ಕಡಿಮೆ ಇದ್ದವರಿಗೆ ಈ ಪೆಟ್ಟಾಗುವ ಸಾಧ್ಯತೆ 17 ಪಟ್ಟು ಜಾಸ್ತಿ ಇತ್ತು. ಆಟ ಬೇರೆ, ನಿಜ. ಆದರೂ ನಾನು ಆ 80%ನ್ನು ಒಂದು ಅಂದಾಜು ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಮಸಾಜು, ಕರೆಂಟ್ ಟ್ರೀಟ್‌ಮೆಂಟ್ ಅಂದ್ರೆ ಎಲ್ಲರಿಗೂ ಇಷ್ಟ. ಮಲಗಿದ್ದರೆ ಸಾಕು ಅಲ್ವಾ? ಆದರೆ ಹಳೇ ನೋವಿದ್ದ ಆಟಗಾರರ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡಿದವರಲ್ಲಿ 23 ಜನ ನೋವಿಲ್ಲದೆ ಮತ್ತೆ ಆಟಕ್ಕಿಳಿದರು. ಮಲಗಿ ಚಿಕಿತ್ಸೆ ಪಡೆದವರಲ್ಲಿ ಬರೀ 4.

ಹಾಗಾಗಿ ಮಂಡಿಗಳ ನಡುವೆ ಚೆಂಡು ಒತ್ತಿ ಹಿಡಿಯುವುದರಿಂದ ಶುರು ಮಾಡಿಸುತ್ತೇನೆ. ಕೊನೆಗೆ ಕೋಪನ್‌ಹೇಗನ್ ವ್ಯಾಯಾಮ. ಒಂದು ಮಗ್ಗುಲಾಗಿ ಮೊಣಕೈ ಊರಬೇಕು. ಮೇಲಿನ ಕಾಲನ್ನು ಜೊತೆಗಾರ ಹಿಡಿದಿರುತ್ತಾನೆ. ಸೊಂಟ ಎತ್ತಿ, ಕೆಳಗಿನ ಕಾಲನ್ನು ಮೇಲಿನದಕ್ಕೆ ತಾಗಿಸಿ, ನಿಧಾನ ಇಳಿಸಬೇಕು. ಧಡಕ್ಕನೆ ಬಿಟ್ಟರೆ ಲೆಕ್ಕಕ್ಕಿಲ್ಲ. ಮೊದಮೊದಲು ಪಾದದ ಬದಲು ಮಂಡಿಯ ಹತ್ತಿರ ಹಿಡಿದರೆ ಹಗುರ. ಮರುದಿನ ತೊಡೆಯ ಒಳಮಗ್ಗುಲು ನೋಯುತ್ತದೆ, ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮತ್ತೆ ಉಳುಕಿತು ಅಂತ ಫೋನ್ ಬರುತ್ತದೆ. ನಾರ್ವೆಯ ಫುಟ್‌ಬಾಲ್ ತಂಡಗಳಲ್ಲಿ ಈ ವ್ಯಾಯಾಮವೇ ಮುಖ್ಯವಾಗಿದ್ದ ಅಭ್ಯಾಸದಿಂದ ತೊಡೆಸಂದಿನ ತೊಂದರೆಯ ಅಪಾಯ 41% ಇಳಿಯಿತು ಅಂತ 2019ರಲ್ಲಿ ವರದಿಯಾಗಿದೆ.

ಇನ್ನೊಂದು ವಿಷಯ. ತೊಡೆಸಂದಿನ ನೋವೆಲ್ಲ ಸ್ನಾಯುವಿನದಲ್ಲ. ಹರ್ನಿಯಾ ಇರಬಹುದು, ಸೊಂಟದ ಕೀಲೇ ಕೆಟ್ಟಿರಬಹುದು. ಹೈಸ್ಕೂಲ್ ವಯಸ್ಸಿನ ಹುಡುಗ ಕುಂಟುತ್ತಾ ಬಂದು ತೊಡೆಯೋ ಮಂಡಿಯೋ ನೋವು ಅಂದರೆ ನಾನು ಯಾವ ವ್ಯಾಯಾಮವನ್ನೂ ಕೊಡಲ್ಲ. ಆ ಕಾಲಿನ ಮೇಲೆ ಭಾರ ಹಾಕದಂತೆ ಹೇಳಿ, ಅವತ್ತೇ ಸೊಂಟದ ಎಕ್ಸ್‌ರೇಗೆ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಆ ವಯಸ್ಸಲ್ಲಿ ತೊಡೆಮೂಳೆಯ ತಲೆ ತನ್ನ ಜಾಗದಿಂದ ಜಾರಿರುವ ಸಾಧ್ಯತೆ ಇರುತ್ತದೆ.