ಈ ಕರೆಂಟಿನ ಸ್ಕೂಟರಿಗೆ ಲೈಸೆನ್ಸ್ ಬೇಡವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಳೇ ಬಾಗಲಕೋಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮನೆ ನವನಗರದಲ್ಲಿ. ನಡುವೆ ಸುಮಾರು ಆರು ಕಿಲೋಮೀಟರ್. ಈ ಆರು ಕಿಲೋಮೀಟರನ್ನು ನಮಗೆ ದಯಪಾಲಿಸಿದ್ದು ಆಲಮಟ್ಟಿ ಅಣೆಕಟ್ಟು. ಹಿನ್ನೀರು ಬರುತ್ತದೆಂದು ಮನೆಗಳನ್ನು ಎತ್ತರದ ಜಾಗಕ್ಕೆ, ಸೆಕ್ಟರ್ ಲೆಕ್ಕದಲ್ಲಿ ಸಾಗಿಸಿದರು. ವ್ಯಾಪಾರದ ಒಂದು ಪಾಲು ಕೆಳಗೇ ಉಳಿಯಿತು. ಹಾಗಾಗಿ ನನ್ನಂಥವರು ಬೆಳಿಗ್ಗೆ ಕೆಲಸಕ್ಕೆ ಇಳಿಯುತ್ತೇವೆ, ಸಂಜೆ ಮನೆಗೆ ಏರುತ್ತೇವೆ. ಈ ಏರಿನ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಎರಡು ವರ್ಷದಿಂದ ಓಡಾಟಕ್ಕೆ ಒಂದು ಸಣ್ಣ ವಿದ್ಯುತ್ ಸ್ಕೂಟರ್ ಇಟ್ಟುಕೊಂಡಿದ್ದೇನೆ. ನಂಬರ್ ಪ್ಲೇಟ್ ಇಲ್ಲ. ಅದು ಇಲ್ಲದಿರುವುದೇ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆ. ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಸಾವಿನ ಮನೆಯ ಅಂಗಳದಲ್ಲೂ ಕೇಳಿದ್ದಾರೆ: "ಇದಕ್ಕೆ ಲೈಸೆನ್ಸ್ ಬೇಡವೇನ್ರಿ? ಪೊಲೀಸರು ಹಿಡಿಯುವುದಿಲ್ಲವೇ?"

ನನ್ನ ಗಾಡಿಗೆ ಬೇಡ. ನಿಮ್ಮದಕ್ಕೆ ಬೇಡ ಎಂದು ಮಾತ್ರ ನಾನು ಹೇಳಲಾರೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದಿಷ್ಟು: ಮೋಟರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋದೊಳಗೆ ಇದ್ದರೆ, ಸರಿಯಾದ ಬ್ರೇಕ್ ಇದ್ದು ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕಗಳಿದ್ದರೆ, ಅದು ಮೋಟಾರು ವಾಹನವೇ ಅಲ್ಲ. ಮೋಟಾರು ವಾಹನ ಅಲ್ಲವೆಂದ ಮೇಲೆ ನೋಂದಣಿಯೂ ಇಲ್ಲ, ಲೈಸೆನ್ಸೂ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಎಲ್ಲವೂ ಬೇಕು, ಬಿಳಿ ಅಕ್ಷರದ ಹಸಿರು ನಂಬರ್ ಪ್ಲೇಟ್ ಸಮೇತ. "ಕರೆಂಟಿನ ಗಾಡಿಗೆ ಏನೂ ಬೇಡ" ಎಂದು ಊರೆಲ್ಲ ಹಬ್ಬಿರುವ ಮಾತು ಅರ್ಧ ಸತ್ಯ. ಅಂಗಡಿಯವರು ಮಾರುವುದೂ ಆ ಅರ್ಧವನ್ನೇ.

ತೊಡಕು ಇರುವುದು 250 ವಾಟ್ ಎಂಬ ಮಾತಿನಲ್ಲಿ. ನಿಯಮ ಹೇಳುವುದು ಮೋಟರು ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು. ಕ್ಷಣಕಾಲ ಅದಕ್ಕಿಂತ ಹೆಚ್ಚು ಎಳೆಯಬಹುದು. ಮೋಟರಿನ ಮೇಲೆ 250 ಎಂಬ ಚೀಟಿ ಅಂಟಿಸುವುದಕ್ಕೆ ಗೋಂದು ಸಾಕು; ಒಳಗೆ ಏನಿದೆ ಎಂದು ನೀವೂ ನಾನೂ ಬಿಚ್ಚಿ ನೋಡುವುದಿಲ್ಲ. ಆದರೆ ನಮ್ಮೂರಿನವರಿಗೆ ಒಂದು ಅನುಕೂಲವಿದೆ: ನವನಗರದ ದಾರಿಯಲ್ಲಿರುವ ವಿದ್ಯಾಗಿರಿಯ ಏರು.

ಲೆಕ್ಕದವನ ಚಪಲ, ಸ್ವಲ್ಪ ಸಹಿಸಿಕೊಳ್ಳಿ. ನಾನು, ಗಾಡಿ, ಸೀಸದ ಬ್ಯಾಟರಿಗಳು ಎಲ್ಲ ಸೇರಿ 160 ಕಿಲೋ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 250 ವಾಟ್ ಮೋಟರು ಇಷ್ಟು ಭಾರವನ್ನು ಗಂಟೆಗೆ ಹನ್ನೊಂದು ಹನ್ನೆರಡು ಕಿಲೋಮೀಟರಿಗಿಂತ ವೇಗವಾಗಿ ಎಳೆಯುತ್ತಾ ಹೋಗಲಾರದು. ನನ್ನ ಸ್ಕೂಟರ್ ಸಂಜೆ ಚಡಾವಿನಲ್ಲಿ ಏದುಸಿರು ಬಿಡುತ್ತದೆ. ಹಿಂದಿನ ಚಕ್ರದಿಂದ ಹಳೆಯ ಫ್ಯಾನಿನಂಥ ಗುಂಯ್ ಸದ್ದು ಬರುತ್ತದೆ, ಮೀಟರಿನ ಮುಳ್ಳು ಹತ್ತರ ಹತ್ತಿರ ಕೂತುಬಿಡುತ್ತದೆ. ಮೊದಲ ವಾರ ನಾಚಿಕೆಯಾಗಿತ್ತು. ಈಗ ಆ ಏದುಸಿರನ್ನೇ ಅದರ ಪ್ರಾಮಾಣಿಕತೆಯ ಸಾಕ್ಷಿ ಎಂದುಕೊಂಡಿದ್ದೇನೆ. "ಇಬ್ಬರು ಕೂತರೂ ಏರಿನಲ್ಲಿ ಗಾಳಿಯಂತೆ ಹೋಗುತ್ತದೆ, ಲೈಸೆನ್ಸೂ ಬೇಡ" ಎಂದು ಯಾರಾದರೂ ಮಾರಲು ಬಂದರೆ, ಆ ಎರಡು ಮಾತುಗಳಲ್ಲಿ ಒಂದು ಸುಳ್ಳು.

ಇನ್ನು ಗಾಡಿಯೊಳಗಿನ ಒಂದು ಬಿಳಿ ವೈರಿನ ವಿಷಯ. ರಿಪೇರಿಗೆ ಬಿಟ್ಟಾಗ ಹುಡುಗ ಸೀಟು ಎತ್ತಿ, ಆ ವೈರಿನ ಬೆರಳಿನಷ್ಟು ಉದ್ದದ ಕೊಂಡಿಯನ್ನು ತೋರಿಸಿದ. "ಇದನ್ನು ಬಿಡಿಸಿದರೆ ನಲವತ್ತು ಹೋಗುತ್ತದೆ ಕಾಕಾ, ದುಡ್ಡೂ ಬೇಡ." ವೇಗಕ್ಕೆ ಕಟ್ಟಿದ ಲಗಾಮು ಅಷ್ಟೇ ಇರುವುದು. ಬಿಡಿಸಿದ ಕ್ಷಣವೇ ನನ್ನ ಸೈಕಲಿನಂಥ ಗಾಡಿ ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ಪಿಯುಸಿ ಓದುವ ಮಗಳಿಗೆ ಕೊಡಿಸಬಹುದೇ ಎಂದು ಕೇಳುವ ತಂದೆಯರಿಗೆ ನಾನು ಈ ಕೊಂಡಿಯನ್ನೇ ಮೊದಲು ತೋರಿಸುವುದು. ನಿಯಮದೊಳಗಿನ ಗಾಡಿಯಾದರೆ ಕೊಡಿಸಿ. ಕೊಂಡಿ ಬಿಡಿಸಿದ ಗಾಡಿಯನ್ನು ಹದಿನೆಂಟು ತುಂಬದ ಮಗು ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಹಿಡಿಯುವುದು ಪೋಷಕರನ್ನು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಪೊಲೀಸರು ಹಿಡಿಯುವುದಿಲ್ಲವೇ ಎಂದರೆ, ಹಿಡಿದಿದ್ದಾರೆ, ಒಮ್ಮೆ. "ನಂಬರ್ ಎಲ್ಲಿರಿ?" ಎಂದರು. ಸೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟಿದ್ದ ಪರೀಕ್ಷಾ ಪ್ರಮಾಣಪತ್ರದ ನಕಲನ್ನು ಕೊಟ್ಟೆ. ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಗಳು ಗಾಡಿಯ ಮಾದರಿಯನ್ನು ಪರೀಕ್ಷಿಸಿ ಕೊಡುವ ಕಾಗದ ಅದು. ಮಾರಿದವರಿಂದ ಅದನ್ನು ಪಡೆಯಲು ನಾನು ಎಂಟು ದಿನ ಅಲೆದಿದ್ದೆ. ಪೊಲೀಸರು ಅದನ್ನು ಎರಡು ಸಲ ಓದಿದರು, ಕಾಗದದಲ್ಲಿದ್ದ ಮಾದರಿಯ ಹೆಸರನ್ನು ಗಾಡಿಯ ಮೇಲಿದ್ದುದರೊಂದಿಗೆ ಹೋಲಿಸಿದರು, ಆಮೇಲೆ ತಾವೇ ಹತ್ತಿ ಒಂದು ಸುತ್ತು ಹೋಗಿ ಬಂದರು. "ಏನ್ರಿ ಇದು, ಓಡುವುದೇ ಇಲ್ಲ" ಎಂದು ಕೀಲಿ ಕೈಗಿಟ್ಟರು. ನನ್ನ ಪರವಾಗಿ ಅದಕ್ಕಿಂತ ಒಳ್ಳೆಯ ತೀರ್ಪು ಬರುವಂತಿರಲಿಲ್ಲ.

ಹೆಲ್ಮೆಟ್? ಕಡ್ಡಾಯ ಇರುವುದು ಮೋಟಾರು ವಾಹನವೆನಿಸಿದ ಎರಡು ಚಕ್ರದ ಗಾಡಿಗಳಿಗೆ; ನಾನು ಹಾಕುತ್ತೇನೆ, ಬೀಳುವುದಕ್ಕೆ ಇಪ್ಪತ್ತೈದರ ವೇಗ ಧಾರಾಳವಾಯಿತು. ವಿಮೆಯ ವಿಷಯ ಮಾತ್ರ ನನ್ನನ್ನು ಕೊರೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಈ ಗಾಡಿಗೆ ಸದ್ದಿಲ್ಲ. ಸಂತೆಯ ದಿನ ಕಾಯಿಪಲ್ಲೆ ಚೀಲ ಹಿಡಿದ ಅಜ್ಜಿಯೊಬ್ಬರು ಹಿಂದೆ ನೋಡದೆ ಅಡ್ಡ ಬಂದರು. ಬ್ರೇಕ್ ಹಿಡಿದು ಕಾಲೂರಿದೆ, ಬದನೆಕಾಯಿ ರಸ್ತೆ ತುಂಬ ಉರುಳಿದವು, ಮತ್ತೇನೂ ಆಗಲಿಲ್ಲ. ಆಗಿದ್ದರೆ ಆಸ್ಪತ್ರೆಯ ಖರ್ಚು ಪೂರ್ತಿ ನನ್ನ ಜೇಬಿನದು. ಕಡ್ಡಾಯವಲ್ಲ ಎಂಬುದರ ಇನ್ನೊಂದು ಮುಖ ಇದು, ಮಾರುವಾಗ ಯಾರೂ ಹೇಳುವುದಿಲ್ಲ.

ಖರ್ಚನ್ನೂ ಕೇಳುತ್ತಾರೆ: ಒಂದು ಚಾರ್ಜಿಗೆ ಒಂದೂವರೆ ಯೂನಿಟ್ ಆಸುಪಾಸು, ಮೂರು ದಿನಕ್ಕೊಮ್ಮೆ. ಹೋಳಿಯ ದಿನಗಳಲ್ಲಿ ಗಾಡಿಯನ್ನು ಒಳಮನೆಯಲ್ಲಿ ಚಾದರ ಹೊದಿಸಿ ಮಲಗಿಸುತ್ತೇನೆ. ನಮ್ಮೂರಿನ ಬಣ್ಣದ ಬಂಡಿಗಳ ಪಿಪಾಯಿ ಕಂಡವರಿಗೆ ಕಾರಣ ಹೇಳಬೇಕಿಲ್ಲ.

ದಿನವೂ ಸಂಜೆ ಅದೇ ಏರಿನಲ್ಲಿ ಶಾಲೆಯ ಹುಡುಗನೊಬ್ಬ ಸೈಕಲ್ ಮೇಲೆ ನಿಂತು ತುಳಿಯುತ್ತಾ ನನ್ನನ್ನು ದಾಟಿ ಹೋಗುತ್ತಾನೆ, ಮುಂದೆ ಹೋಗಿ ಒಮ್ಮೆ ತಿರುಗಿ ನೋಡುತ್ತಾನೆ. ಲೈಸೆನ್ಸ್ ಬೇಡವೇ ಎಂದು ಇದುವರೆಗೆ ಕೇಳದವನು ಅವನೊಬ್ಬನೇ.