ಒಂಬತ್ತನೆಯ ಹಾಡಿನಲ್ಲಿ ಗಂಟೆ ಕೊನೆಗೂ ಕೇಳಿಸಿತು

ಹನ್ನೊಂದು ಹಾಡುಗಳ ನನ್ನ ಸಿಂಫೋನಿಕ್ ಮೆಟಲ್ (ವಾದ್ಯವೃಂದ ಬೆರೆತ ಹೆವಿ ಮೆಟಲ್) ಕಾನ್ಸೆಪ್ಟ್ ಆಲ್ಬಂನಲ್ಲಿ, ಅಂದರೆ ಎಲ್ಲ ಹಾಡೂ ಸೇರಿ ಒಂದೇ ಕಥೆ ಹೇಳುವ ಆಲ್ಬಂನಲ್ಲಿ, ಹತ್ತು ಹಾಡುಗಳ ಮಿಕ್ಸಿಂಗ್ (ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮುಗಿದು ತಿಂಗಳಾಗಿತ್ತು. ಒಂಬತ್ತನೆಯದೊಂದು ಮಾತ್ರ ಪಟ್ಟು ಬಿಡದೆ ಕಾಡುತ್ತಿತ್ತು. ನಿನ್ನೆ ರಾತ್ರಿ ಅದು ದಾರಿಗೆ ಬಂತು. ಡ್ರಮ್ಸ್ ಎಡಿಟಿಂಗ್, ಗಿಟಾರ್ ರೆಕಾರ್ಡಿಂಗ್ ಮೊದಲಾದ ಎಲ್ಲರಿಗೂ ಗೊತ್ತಿರುವ ಹಂತಗಳನ್ನು ಬಿಟ್ಟು, ಆ ಹಾಡಿನ ನಲವತ್ತು ಸೆಕೆಂಡುಗಳ ಬಗ್ಗೆಯೇ ಬರೆಯುತ್ತೇನೆ. ಆಲ್ಬಂನ ಬಲವೂ ದೌರ್ಬಲ್ಯವೂ ಅಲ್ಲಿಯೇ ಒಟ್ಟಿಗೆ ಕುಳಿತಿದ್ದವು.

ಇದು ಗಂಟೆಯ ಎರಕ ಹೊಯ್ಯುವ ಹೆಂಗಸೊಬ್ಬಳ ಕಥೆ. ಆಕೆಯ ಗಂಟೆಗೆಂದು ಐದು ಸ್ವರಗಳ ಚಿಕ್ಕ ಎಳೆಯೊಂದನ್ನು ಕಟ್ಟಿ, ಮೊದಲ ಹಾಡಿನಲ್ಲಿ ಅದನ್ನು ಚೆಲ್ಲೋ (ಮಂದ್ರ ದನಿಯ ದೊಡ್ಡ ಪಿಟೀಲಿನಂಥ ವಾದ್ಯ) ಕೈಗೆ ಕೊಟ್ಟು, ಕಥೆ ತಿರುವು ಪಡೆಯುವಲ್ಲೆಲ್ಲ ಬೇರೆ ಬೇರೆ ರೂಪದಲ್ಲಿ ಮರಳಿ ತಂದಿದ್ದೇನೆ. ಈ ಸಂಗೀತದಲ್ಲಿ ಕೋರಸ್ ವೇಗವಾಗಿ ಹಾಡುವಾಗ ಸಾಹಿತ್ಯದ ಅರ್ಧ ಮಾತುಗಳು ಕೇಳುಗರಿಗೆ ದಕ್ಕುವುದಿಲ್ಲ. ಹಾಗಾಗಿ ಕಥೆಯನ್ನು ಹೊರಬೇಕಾದದ್ದು ರಾಗವೇ. ಒಂಬತ್ತನೆಯ ಹಾಡಿನಲ್ಲಿ ಗಂಟೆ ಬಿರುಕು ಬಿಡುತ್ತದೆ. ಆ ಐದು ಸ್ವರಗಳು ಅಲ್ಲಿ ಕೇಳಿಸದಿದ್ದರೆ ಹಿಂದಿನ ಎಂಟು ಹಾಡುಗಳ ಸಿದ್ಧತೆಯೆಲ್ಲ ವ್ಯರ್ಥ. ನನ್ನ ಮಿಕ್ಸ್‌ನಲ್ಲಿ ಅವು ಕೇಳಿಸುತ್ತಲೇ ಇರಲಿಲ್ಲ.

ಮೊದಲು ಸಿಕ್ಕಿದ್ದು ಕಾಲದ ದೋಷ. ಹಾಡಿನ ವೇಗ ನಿಮಿಷಕ್ಕೆ 160 ಬೀಟ್. ಅಂದರೆ ಒಂದು ಬೀಟಿನ ನಾಲ್ಕನೆಯ ಒಂದು ಭಾಗಕ್ಕೆ ಸುಮಾರು 94 ಮಿಲಿಸೆಕೆಂಡು. ನನ್ನ ಸ್ಯಾಂಪಲ್ ಲೈಬ್ರರಿಯ (ಕಂಪ್ಯೂಟರಿನಲ್ಲಿ ನುಡಿಸಲು ಮೊದಲೇ ರೆಕಾರ್ಡ್ ಮಾಡಿದ ವಾದ್ಯದನಿಗಳ ಸಂಗ್ರಹ) ತಂತಿವಾದ್ಯಗಳಲ್ಲಿ ಸ್ಪಿಕಾಟೊ (ಕಮಾನು ಪುಟಿಸಿ ನುಡಿಸುವ ಗಿಡ್ಡ ಸ್ವರ) 60 ಮಿಲಿಸೆಕೆಂಡು ತಡವಾಗಿ ದನಿಗೂಡಿದರೆ, ಲೆಗಾಟೊ (ಒಂದಕ್ಕೊಂದು ಬೆಸೆದ ಸ್ವರಗಳು) 180ರಷ್ಟು ತಡ. ಎರಡೂ ಒಂದೇ ಟ್ರ್ಯಾಕಿನಲ್ಲಿದ್ದರೆ ಯಾವ ಒಂದು ಹೊಂದಾಣಿಕೆಯೂ ಸಾಲದು. ಲೈಬ್ರರಿ ಮಾರುವ ಸಂಸ್ಥೆ ಈ ಅಂಕಿಗಳನ್ನು ಕೈಪಿಡಿಯಲ್ಲಿ ಎಲ್ಲಿಯೂ ಕೊಟ್ಟಿಲ್ಲ. ಮೂರು ಬಾರಿ ಬರೆದು ಕೇಳಿದರೂ ಅದೇ ಸಿದ್ಧ ಉತ್ತರ ಬಂತು. ಕಾಸು ಕೊಟ್ಟು ಕೊಂಡವರಿಗೆ ಇಷ್ಟಾದರೂ ತಿಳಿಸಬೇಡವೇ? ಕೊನೆಗೆ ಒಂದೊಂದು ಸ್ವರದ ವೇವ್‌ಫಾರ್ಮನ್ನು ಹಿಗ್ಗಿಸಿ ನಾನೇ ಅಳೆದು, ಬಗೆಬಗೆಗೂ ಪ್ರತ್ಯೇಕ ಟ್ರ್ಯಾಕ್ ಮಾಡಿ, ಅವನ್ನು ಅಷ್ಟಷ್ಟೇ ಮುಂದಕ್ಕೆ ಎಳೆದೆ. ವಾದ್ಯವೃಂದ ಡ್ರಮ್ಸ್ ಜೊತೆ ಹೆಜ್ಜೆ ಹಾಕಿತು.

ಆದರೂ ಗಂಟೆಯ ಎಳೆ ಹೂತೇ ಇತ್ತು. ಏಳು ತಂತಿಯ ಗಿಟಾರಿನ ಕೆಳಗಿನ ಬಿ ಸ್ವರ ಸುಮಾರು 62 ಹರ್ಟ್ಸ್, ಚೆಲ್ಲೋದ ಕೆಳಗಿನ ಸಿ ಸ್ವರ ಸುಮಾರು 65 ಹರ್ಟ್ಸ್, ಹಾಗಾಗಿ ಎರಡೂ ಒಂದೇ ಜಾಗಕ್ಕೆ ತಿಕ್ಕಾಡುತ್ತವೆ. ನಾಲ್ಕು ಪದರದ ಡಿಸ್ಟಾರ್ಷನ್ ಗಿಟಾರು, ಅದೇ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ನುಡಿಸುವ ಚೆಲ್ಲೋ ಮತ್ತು ಡಬಲ್ ಬಾಸ್, ಮೇಲೆ ಕೋರಸ್. ಮೂರು ವಾರ ಇಕ್ಯೂನಲ್ಲಿ (ಮಂದ್ರ, ತಾರ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಅಲ್ಲಿ ಕೊರೆದು ಇಲ್ಲಿ ಏರಿಸಿ ನೋಡಿದೆ. ಪ್ರತಿ ಸಲವೂ ಒಂದು ವಾದ್ಯ ತೆಳುವಾಯಿತೇ ಹೊರತು ಎಳೆ ಮೇಲಕ್ಕೆ ಬರಲಿಲ್ಲ.

ದಾರಿ ತೋರಿದ್ದು ಫ್ರೆಂಚ್ ಸಂಗೀತಕಾರ ಬರ್ಲಿಯೋಜ್. ಆತನ 1830ರ ಸಿಂಫನಿ ಫ್ಯಾಂಟಾಸ್ಟಿಕ್‌ನ ಐದು ಭಾಗಗಳಲ್ಲೂ ಪ್ರೇಯಸಿಯ ರಾಗ ಮರಳಿ ಬರುತ್ತದೆ. ಕೊನೆಯ ಭಾಗದಲ್ಲಿ ಅದು ವಿಕಾರಗೊಂಡು, ಈ-ಫ್ಲಾಟ್ ಕ್ಲಾರಿನೆಟ್ ಎಂಬ ಚಿಕ್ಕ ಊದುವಾದ್ಯದ ಕೀರಲು ದನಿಯಲ್ಲಿ ಎಲ್ಲವನ್ನೂ ಸೀಳಿಕೊಂಡು ಕೇಳಿಸುತ್ತದೆ. ನನ್ನ ತಪ್ಪು ಮಿಕ್ಸ್‌ನಲ್ಲಿ ಇರಲಿಲ್ಲ, ವಾದ್ಯಸಂಯೋಜನೆಯಲ್ಲಿತ್ತು. ಎಳೆಯನ್ನು ಚೆಲ್ಲೋದಿಂದ ಬಿಡಿಸಿ, ಎರಡು ಸ್ಥಾಯಿ ಮೇಲೆ ಅದೇ ಕ್ಲಾರಿನೆಟ್‌ಗೆ ಕೊಟ್ಟೆ. ಗಿಟಾರನ್ನು ನಾಲ್ಕು ಪದರದಿಂದ ಎರಡಕ್ಕೆ ಇಳಿಸಿ, ಡಬಲ್ ಬಾಸ್‌ಗೆ ರಿಫ್ ಬದಲು ಒಂದೇ ದೀರ್ಘ ಸ್ವರ ಇಟ್ಟೆ. ಐದನೆಯ ಸ್ವರವನ್ನು ಅರ್ಧ ಸ್ವರ ಇಳಿಸಿ, ಅದು ಬೀಳುವ ಬೀಟಿನಲ್ಲಿ ಗಿಟಾರು, ಡ್ರಮ್ಸ್ ಎರಡನ್ನೂ ಪೂರ್ತಿ ಮೌನವಾಗಿಸಿದೆ. ಬಿರುಕು ಕೇಳಿಸಿತು! ಎರಡು ಪದರ ತೆಗೆದ ಮೇಲೆ ಗಿಟಾರು ಮೊದಲಿಗಿಂತ ದೊಡ್ಡದಾಗಿ ಕೇಳಿಸುತ್ತಿರುವುದು ಇನ್ನೊಂದು ಸಂತೋಷ.

ಉಳಿದೆಲ್ಲವನ್ನೂ ಮೌನವಾಗಿಸಿ ಕ್ಲಾರಿನೆಟ್ಟೊಂದನ್ನೇ ಕೇಳುತ್ತಿದ್ದಾಗಲೇ ಮುಂದಿನ ಕೆಲಸವೂ ಹೊಳೆಯಿತು: ಸ್ಯಾಂಪಲ್ ಒಂದೂ ಇಲ್ಲದೆ, ನಾಲ್ವರು ತಂತಿವಾದ್ಯಗಾರರು ಮತ್ತು ಒಂದು ಗಿಟಾರಿನ ಇಪ್ಪತ್ತು ನಿಮಿಷದ ಕಥೆ.

ಈ ಆಲ್ಬಂನಲ್ಲಿ ಉಳಿದ ದೌರ್ಬಲ್ಯಗಳೂ ಇವೆ. ಹಾಡುಗಳ ನಡುವಿನ ಮಾತಿನ ನಿರೂಪಣೆ ಎರಡನೆಯ ಸಲ ಕೇಳುವಾಗ ಭಾರವಾಗುತ್ತದೆ. ನಾಲ್ಕರಲ್ಲಿ ಎರಡನ್ನು ತೆಗೆದಿದ್ದೇನೆ. ಏಳನೆಯ ಹಾಡಿನ ಮಧ್ಯದ ವಾದ್ಯಭಾಗ ಕಥೆಯನ್ನು ಒಂದು ಹೆಜ್ಜೆಯೂ ಮುಂದೆ ಒಯ್ಯುವುದಿಲ್ಲ, ಅದನ್ನು ಮೊಟಕು ಮಾಡಲೇಬೇಕು. ಒಂಬತ್ತನೆಯದು ಈಗ ಮೌನದ ಹತ್ತಿರ ಮುಗಿಯುವುದರಿಂದ, ಹತ್ತನೆಯ ಹಾಡನ್ನು ತೆರೆಯುವ ಡ್ರಮ್ಸ್ ಅಬ್ಬರ ತೀರಾ ಬೇಗ ಬಂದಂತೆ ಕೇಳಿಸುತ್ತಿದೆ. ನಾಳೆ ಅದರ ಮುಂದೆ ಎರಡು ಬಾರ್ (ತಾಳದ ಆವರ್ತ) ಖಾಲಿ ಬಿಟ್ಟು ನೋಡುತ್ತೇನೆ.